ಕ್ರಮಪಲ್ಲಟವೂ ನುರಿತವರ ಅಸಮಾಧಾನವೂ

೧

ಬರೆಹದ ಉಪಕರಣವು ಬದಲಾದಾಗ ಬರೆಯುವವನಿಗೆ ತೊಡಕುಂಟಾಗುವುದು ಸಹಜವಾದುದು. ಓಲೆ ಕಂಟಗಳನ್ನು ಬಿಟ್ಟು ಕಾಗದ ಲೇಖನಿಗಳನ್ನು ಹಿಡಿದವರಿಗೂ, ಲೇಖನಿಯನ್ನು ಬಿಟ್ಟು ಬೆರಳಚ್ಚು ಯಂತ್ರದ ಮುಂದೆ ಕುಳಿತವರಿಗೂ ಈ ತೊಡಕು ಒದಗಿದ್ದಿತು. ಅಲ್ಲಿ ಉಪಕರಣವೇ ಬೇರೆಯಾದುದರಿಂದ ಎಲ್ಲರೂ ಹೊಸಬರಂತೆಯೇ ಕಲಿತರು. ಆದರೆ ಉಪಕರಣವು ಅದೇ ಆಗಿದ್ದು, ಅದರಿಂದಾಗುವ ಕಾರ್ಯವೂ ಬಹುಮಟ್ಟಿಗೆ ಅದೇ ಆಗಿದ್ದು, ಒಳಗಿನ ಜೋಡಣೆ ಮಾತ್ರ ಬೇರೆಯಾದರೆ ಆಗುವ ತೊಡಕು ಇನ್ನೊಂದು ಬಗೆಯದು. ಅಲ್ಲಿ ಏನನ್ನೂ ಕಲಿಯದೆ ಬಂದವನಿಗಿಂತ ಚೆನ್ನಾಗಿ ಕಲಿತಿದ್ದವನೇ ಹೆಚ್ಚು ಕಷ್ಟಪಡುತ್ತಾನೆ. ಇದು ಮೇಲುನೋಟಕ್ಕೆ ವಿಚಿತ್ರವಾಗಿ ತೋರುವುದು. ಇದಕ್ಕೆ ಕಾರಣವೇನು, ಇಂತಹವನ ದೂರಿನಲ್ಲಿ ನ್ಯಾಯವೆಷ್ಟು ಎಂಬುದನ್ನು ಒಂದು ಪ್ರಸಿದ್ಧ ನಿದರ್ಶನವನ್ನು ಹಿಡಿದು ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

ಆ ನಿದರ್ಶನವು ಮೈಕ್ರೋಸಾಫ್ಟ್ ಸಂಸ್ಥೆಯ ಆಫೀಸ್ ಎಂಬ ತಂತ್ರಾಂಶ ಸಮುಚ್ಚಯಕ್ಕೆ ಸೇರಿದುದು. ಬರೆಹಕ್ಕೆ ವರ್ಡ್, ಲೆಕ್ಕಕ್ಕೆ ಎಕ್ಸೆಲ್, ಉಪನ್ಯಾಸದ ಚಿತ್ರಪಟಗಳಿಗೆ ಪವರ್‌ಪಾಯಿಂಟ್ ಮೊದಲಾದವು ಇದರ ಅಂಗಗಳು. ಈ ಸಮುಚ್ಚಯದ ೨೦೦೭ನೆಯ ಆವೃತ್ತಿಯು ೨೦೦೬ನೆಯ ನವೆಂಬರ್ ೩೦ರಂದು ವ್ಯಾಪಾರ ಸಂಸ್ಥೆಗಳಿಗೂ, ೨೦೦೭ನೆಯ ಜನವರಿ ೩೦ರಂದು ಸಾರ್ವಜನಿಕರಿಗೂ ದೊರೆಯಿತು. ಅದರಲ್ಲಿ ಅದುವರೆಗಿದ್ದ ಮೆನುಗಳೆಂಬ ಪಟ್ಟಿಗಳನ್ನು ತೆಗೆದುಹಾಕಿ, ಅವುಗಳ ಸ್ಥಾನದಲ್ಲಿ ರಿಬ್ಬನ್ ಎಂಬ ಹೊಸ ಜೋಡಣೆಯನ್ನು ನಿಲ್ಲಿಸಲಾಯಿತು. ಲೋಕದ ಅನೇಕ ದೇಶಗಳ ಕಚೇರಿಗಳಿಂದಲೂ ವಿದ್ಯಾಲಯಗಳಿಂದಲೂ ಅಸಮಾಧಾನದ ಧ್ವನಿ ಎದ್ದಿತು.

ವಿದ್ವಾಂಸರೂ ಸಾಹಿತ್ಯಾಧ್ಯಾಪಕರೂ ಓದುವ ಪತ್ರಿಕೆಯಲ್ಲಿ ಈ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಗ್ರಂಥಸಂಪಾದನೆ, ಪಾಠಾಂತರಗಳ ನಿರೂಪಣೆ, ಅಡಿಟಿಪ್ಪಣಿ, ಪ್ರಬಂಧರಚನೆ, ಪ್ರಶ್ನಪತ್ರಿಕೆಗಳ ಸಿದ್ಧತೆ ಇವೆಲ್ಲವೂ ಈಗ ಇಂತಹ ತಂತ್ರಾಂಶಗಳ ಮೂಲಕವೇ ನಡೆಯುತ್ತವೆ. ಆದುದರಿಂದ ಇದು ನಮ್ಮ ಕೆಲಸಕ್ಕೂ ಸಂಬಂಧಪಟ್ಟುದೇ ಆಗಿದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಕಲಿತ ವಿದ್ಯೆಯು ಅದರ ಕ್ರಮವನ್ನು ಎಷ್ಟುಮಟ್ಟಿಗೆ ಆಶ್ರಯಿಸಿರುತ್ತದೆ ಎಂಬ ಪ್ರಶ್ನೆ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ವ್ಯಾಕರಣದಲ್ಲಿಯೂ ಕೋಶಗಳಲ್ಲಿಯೂ ಆ ಪ್ರಶ್ನೆ ಹಿಂದೆಯೇ ಎದ್ದಿದ್ದಿತು. ಅದನ್ನು ಬಲ್ಲವರಿಗೆ ಈ ಹೊಸ ವಿವಾದದ ತಿರುಳು ಬೇಗ ತಿಳಿಯುವುದು.

೨

ಮೊದಲು ಹಳೆಯ ಜೋಡಣೆ ಹೇಗಿದ್ದಿತು, ಅದನ್ನು ಬದಲಾಯಿಸಬೇಕೆಂದು ತೋರಿದುದೇಕೆ ಎಂಬುದನ್ನು ತಿಳಿಯಬೇಕು. ಪರದೆಯ ಮೇಲಂಚಿನಲ್ಲಿ ಕೆಲವು ಹೆಸರುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನು ಒತ್ತಿದಾಗ ಅದರ ಕೆಳಗೆ ಆಜ್ಞೆಗಳ ಪಟ್ಟಿ ಇಳಿದುಬರುವಂತೆ ಮಾಡುವ ಪದ್ಧತಿ ಆಪಲ್ ಸಂಸ್ಥೆಯ ಲೀಸಾ (೧೯೮೩) ಮತ್ತು ಮ್ಯಾಕಿಂಟಾಶ್ (೧೯೮೪) ಯಂತ್ರಗಳಿಂದ ಬಳಕೆಗೆ ಬಂದಿತು. ೧೯೮೭ರಲ್ಲಿ ಐ.ಬಿ.ಎಂ. ಸಂಸ್ಥೆಯು ಪ್ರಕಟಿಸಿದ ಸಾಮಾನ್ಯ ನಿಯಮಗಳು ಈ ಪದ್ಧತಿಯನ್ನು ಇನ್ನಷ್ಟು ಸ್ಥಿರಪಡಿಸಿದುವು. ಫೈಲ್ ಎಂಬುದು ಎಡಗಡೆಯಲ್ಲಿ, ಹೆಲ್ಪ್ ಎಂಬುದು ಕೊನೆಯಲ್ಲಿ ಎಂಬುದು ಹೀಗೆ ರೂಢಿಯಾಯಿತು. ಒಂದು ತಂತ್ರಾಂಶವನ್ನು ಕಲಿತವನು ಇನ್ನೊಂದರಲ್ಲಿಯೂ ದಾರಿ ತಪ್ಪದೆ ನಡೆಯಬಹುದಾಗಿದ್ದಿತು.

ವಿಂಡೋಸ್ ಯಂತ್ರಗಳಿಗಾಗಿ ವರ್ಡ್ ಮೊದಲು ಬಂದುದು ೧೯೮೯ರಲ್ಲಿ. ಆಗ ಅದರಲ್ಲಿದ್ದ ಆಜ್ಞೆಗಳು ಸುಮಾರು ನೂರು. ನೂರು ಆಜ್ಞೆಗಳನ್ನು ಕೆಲವು ಪಟ್ಟಿಗಳಲ್ಲಿ ಹಂಚಿದರೆ ಯಾರೂ ಒಂದು ಮಧ್ಯಾಹ್ನದೊಳಗೆ ಎಲ್ಲವನ್ನೂ ನೋಡಿ ಮುಗಿಸಬಹುದು. ಆಮೇಲೆ ಪ್ರತಿ ಆವೃತ್ತಿಯಲ್ಲಿಯೂ ಹೊಸ ಸೌಕರ್ಯಗಳು ಸೇರಿದುವು. ೨೦೦೩ನೆಯ ಆವೃತ್ತಿಯ ವೇಳೆಗೆ ವರ್ಡಿನಲ್ಲಿ ೧೫೦೦ಕ್ಕೂ ಮಿಕ್ಕಿದ ಆಜ್ಞೆಗಳು, ೩೧ ಟೂಲ್‌ಬಾರುಗಳು, ೧೯ ಪಕ್ಕದ ಫಲಕಗಳು ಇದ್ದುವು. ಮೇಲಿನ ಸಾಲಿನಲ್ಲಿ ಹೆಸರುಗಳು ಒಂಬತ್ತೇ ಆದರೂ, ಪಟ್ಟಿಯೊಳಗೊಂದು ಪಟ್ಟಿ, ಅದರೊಳಗೊಂದು ಸಂವಾದ ಪೆಟ್ಟಿಗೆ, ಆ ಪೆಟ್ಟಿಗೆಯಲ್ಲಿ ಹಲವು ಪುಟಗಳು ಎಂಬಂತೆ ಅದು ಬೆಳೆದಿದ್ದಿತು. ಇರುವ ಸೌಕರ್ಯವೇ ಕಣ್ಣಿಗೆ ಬೀಳದಿದ್ದುದರಿಂದ, ಬಳಸುವವರು ಹೊಸದಾಗಿ ಬೇಕೆಂದು ಕೇಳುತ್ತಿದ್ದ ಎಷ್ಟೋ ಸೌಕರ್ಯಗಳು ಆಗಲೇ ಅದರಲ್ಲಿ ಇದ್ದುವೆಂದು ಸಂಸ್ಥೆಯವರು ಹೇಳಿದರು.

ಈ ಕಾಡನ್ನು ಸವರುವುದಕ್ಕೆ ಹಿಂದೆಯೂ ಪ್ರಯತ್ನಗಳು ನಡೆದಿದ್ದುವು. ೨೦೦೦ದ ಆವೃತ್ತಿಯಲ್ಲಿ, ಹೆಚ್ಚಾಗಿ ಬಳಸದ ಆಜ್ಞೆಗಳನ್ನು ಮರೆಮಾಡಿ ಬಳಸುವುದನ್ನು ಮಾತ್ರ ತೋರಿಸುವ ಮೆನುಗಳನ್ನು ತಂದರು. ಪಟ್ಟಿಯೇನೋ ಚಿಕ್ಕದಾಯಿತು, ಆದರೆ ಇಂದು ಮೂರನೆಯದಾಗಿದ್ದ ಆಜ್ಞೆ ನಾಳೆ ಐದನೆಯದಾಗಬಹುದು. ಸ್ಥಾನವು ಸ್ಥಿರವಾಗಿಲ್ಲದ ವಸ್ತುವನ್ನು ಹುಡುಕುವುದು ಉದ್ದವಾದ ಪಟ್ಟಿಯನ್ನು ಓದುವುದಕ್ಕಿಂತ ಕಷ್ಟವೆಂದು ಅನುಭವದಿಂದ ತಿಳಿಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಹೇಳುವುದಕ್ಕೆಲ್ಲ ಇದು ಬೀಜವಾಗಿದೆ.

೩

ರಿಬ್ಬನ್ನಿನ ಯೋಜನೆಗೆ ಜೂಲಿ ಲಾರ್ಸನ್ ಗ್ರೀನ್, ಜೆನ್ಸನ್ ಹ್ಯಾರಿಸ್ ಮೊದಲಾದವರು ಮುಖ್ಯರಾಗಿದ್ದರು. ಇವರು ಊಹೆಯನ್ನೇ ನಂಬಿ ಕೆಲಸಮಾಡಿದವರಲ್ಲ. ಒಪ್ಪಿಗೆಯಿತ್ತ ಬಳಕೆಗಾರರ ಯಂತ್ರಗಳಿಂದ, ಯಾವ ಆಜ್ಞೆಯನ್ನು ಎಷ್ಟು ಸಲ ಬಳಸುತ್ತಾರೆ ಎಂಬ ಲೆಕ್ಕವನ್ನು ೨೦೦೩ನೆಯ ಆವೃತ್ತಿಯಿಂದ ಸಂಗ್ರಹಿಸಿದರು. ಆ ಲೆಕ್ಕದ ಪ್ರಕಾರ ವರ್ಡಿನಲ್ಲಿ ಅತ್ಯಧಿಕವಾಗಿ ಬಳಕೆಯಾಗುತ್ತಿದ್ದುವು ಪೇಸ್ಟ್, ಸೇವ್, ಕಾಪಿ, ಅಂಡೂ, ಬೋಲ್ಡ್ ಎಂಬ ಐದು. ಈ ಐದೇ ಸೇರಿ ಒಟ್ಟು ಬಳಕೆಯಲ್ಲಿ ಸುಮಾರು ೩೨ ಶೇಕಡದಷ್ಟಿದ್ದುವು. ಪೇಸ್ಟ್ ಒಂದೇ ೧೧ ಶೇಕಡವನ್ನು ಮೀರಿದ್ದಿತು.

ಹೊಸ ಜೋಡಣೆಯಲ್ಲಿ ಆಜ್ಞೆಗಳನ್ನು ಅವುಗಳ ಜಾತಿಯನ್ನು ನೋಡಿ ಹಂಚದೆ, ಮಾಡುವ ಕೆಲಸವನ್ನು ನೋಡಿ ಹಂಚಿದರು. ವರ್ಡಿನಲ್ಲಿ ಹೋಮ್, ಇನ್ಸರ್ಟ್, ಪೇಜ್ ಲೇಔಟ್, ರೆಫರೆನ್ಸಸ್, ಮೇಲಿಂಗ್ಸ್, ರಿವ್ಯೂ, ವ್ಯೂ ಎಂಬ ಏಳು ಟ್ಯಾಬುಗಳಾದುವು. ಒಂದು ಟ್ಯಾಬನ್ನು ಒತ್ತಿದರೆ ಪರದೆಯ ಅಗಲಕ್ಕೂ ಒಂದು ಪಟ್ಟೆ ಹರಡಿ, ಅದರಲ್ಲಿ ಗುಂಡಿಗಳು ಗುಂಪುಗುಂಪಾಗಿ ತೋರುವುವು. ಹೆಚ್ಚು ಬಳಸುವ ಗುಂಡಿ ದೊಡ್ಡದು, ಉಳಿದುವು ಚಿಕ್ಕವು. ಚಿತ್ರವನ್ನೋ ಕೋಷ್ಟಕವನ್ನೋ ಆರಿಸಿದಾಗ ಮಾತ್ರ ಅದಕ್ಕೆ ಸಂಬಂಧಪಟ್ಟ ಟ್ಯಾಬು ಕಾಣಿಸಿಕೊಂಡು ಆಮೇಲೆ ಮರೆಯಾಗುವುದು. ಅಕ್ಷರದ ಅಚ್ಚನ್ನು ಬದಲಾಯಿಸುವ ಮೊದಲೇ ಅದು ಹೇಗೆ ಕಾಣುವುದೆಂಬುದನ್ನು ಪುಟದ ಮೇಲೆಯೇ ತೋರಿಸುವ ಏರ್ಪಾಡೂ ಇದರೊಡನೆ ಬಂದಿತು.

ಇವೆಲ್ಲವೂ ವಿಚಾರಪೂರ್ವಕವಾದ ಸುಧಾರಣೆಗಳೆಂಬುದರಲ್ಲಿ ಸಂದೇಹವಿಲ್ಲ. ಪ್ರಬಂಧ ಬರೆಯುವವನಿಗೆ ಅಡಿಟಿಪ್ಪಣಿ, ವಿಷಯಸೂಚಿ, ಗ್ರಂಥಋಣ ಮೂರೂ ರೆಫರೆನ್ಸಸ್ ಎಂಬ ಒಂದೇ ಕಡೆ ದೊರೆತುದು ಉಪಕಾರವೇ ಸರಿ. ಕರಡನ್ನು ತಿದ್ದುವವನಿಗೆ ಬೇಕಾದುವು ರಿವ್ಯೂ ಎಂಬಲ್ಲಿ ಒಟ್ಟುಗೂಡಿದುವು. ಆದರೆ ಈ ಹೊಸ ಆವೃತ್ತಿಯಲ್ಲಿ ಹಳೆಯ ಮೆನುಗಳಿಗೆ ಹಿಂದಿರುಗುವ ದಾರಿಯನ್ನು ಇಡಲಿಲ್ಲ. ಬಳಸಿದರೆ ಹೊಸ ಕ್ರಮವನ್ನೇ ಬಳಸಬೇಕು. ಇಲ್ಲವಾದರೆ ಹಳೆಯ ಆವೃತ್ತಿಯಲ್ಲಿಯೇ ನಿಲ್ಲಬೇಕು. ವಿವಾದದ ಮುಖ್ಯಸ್ಥಾನವು ಇದೇ.

೪

ಈಗ ಅಸಮಾಧಾನದ ಕಾರಣಗಳನ್ನು ನೋಡೋಣ. ಮೊದಲನೆಯದು ಸ್ಥಾನಭ್ರಂಶವು. ಹಳೆಯ ವರ್ಡಿನಲ್ಲಿ ಪುಟದ ತಲೆಬರೆಹ ಮತ್ತು ಅಡಿಬರೆಹಗಳು ವ್ಯೂ ಎಂಬಲ್ಲಿದ್ದುವು. ಹೊಸದರಲ್ಲಿ ಇನ್ಸರ್ಟಿಗೆ ಹೋದುವು. ಪುಟದ ಅಳತೆ ಅಂಚುಗಳನ್ನು ಗೊತ್ತುಮಾಡುವುದು ಫೈಲಿನಲ್ಲಿದ್ದಿತು. ಪೇಜ್ ಲೇಔಟಿಗೆ ಹೋಯಿತು. ತಿದ್ದುಪಡಿಗಳನ್ನು ಗುರುತಿಸಿಡುವ ಸೌಕರ್ಯವು ಟೂಲ್ಸಿನಲ್ಲಿದ್ದಿತು, ರಿವ್ಯೂಗೆ ಹೋಯಿತು. ಎಕ್ಸೆಲಿನಲ್ಲಿ ಮೇಲಿನ ಸಾಲುಗಳನ್ನು ಅಲುಗದಂತೆ ನಿಲ್ಲಿಸುವ ಆಜ್ಞೆ ವಿಂಡೋ ಎಂಬಲ್ಲಿಂದ ವ್ಯೂ ಎಂಬಲ್ಲಿಗೆ ಬಂದಿತು. ಬೇರೊಂದು ತೊಡಕೂ ಇದ್ದಿತು. ಕಡತವನ್ನು ತೆರೆಯುವುದು, ಉಳಿಸುವುದು, ಮುದ್ರಿಸುವುದು ಇವುಗಳಿಗೆ ಮನೆಯಾಗಿದ್ದ ಫೈಲ್ ಎಂಬ ಹೆಸರೇ ಮಾಯವಾಗಿ, ಎಡಮೂಲೆಯಲ್ಲಿ ಸಂಸ್ಥೆಯ ಚಿಹ್ನೆಯುಳ್ಳ ಒಂದು ದುಂಡನೆಯ ಬಿಲ್ಲೆ ಬಂದಿತು. ಅದು ಅಲಂಕಾರವಲ್ಲ, ಒತ್ತತಕ್ಕ ಗುಂಡಿ ಎಂಬುದು ಹಲವರಿಗೆ ಹೊಳೆಯಲಿಲ್ಲ.

ಎರಡನೆಯದು ವಿಂಗಡಣೆಯ ಸಂದಿಗ್ಧತೆ. ಯಾವ ವಸ್ತು ಯಾವ ವರ್ಗಕ್ಕೆ ಸೇರಬೇಕೆಂಬುದು ಒಬ್ಬನಿಗೆ ತೋರಿದಂತೆ ಎಲ್ಲರಿಗೂ ತೋರುವುದಿಲ್ಲ. ಎಕ್ಸೆಲಿನಲ್ಲಿ ಹೊಸ ಸಾಲೊಂದನ್ನು ಸೇರಿಸುವ ಆಜ್ಞೆ ಹಿಂದೆ ಇನ್ಸರ್ಟ್ ಎಂಬ ಮೆನುವಿನಲ್ಲಿದ್ದಿತು. ಇನ್ಸರ್ಟ್ ಎಂದರೆ ಸೇರಿಸುವುದೇ ಅಲ್ಲವೆ? ಹೊಸದರಲ್ಲಿ ಇನ್ಸರ್ಟ್ ಎಂಬ ಟ್ಯಾಬು ಇದ್ದರೂ ಸಾಲು ಸೇರಿಸುವುದು ಅಲ್ಲಿಲ್ಲ, ಹೋಮ್ ಎಂಬಲ್ಲಿದೆ. ಹಿಂದೆ ಡೇಟಾ ಎಂಬಲ್ಲಿದ್ದ ಪಿವಟ್ ಕೋಷ್ಟಕವು ಮಾತ್ರ ಇನ್ಸರ್ಟಿಗೆ ಬಂದು ಕುಳಿತಿತು. ಹೆಚ್ಚು ಬಳಸುವ ಆಜ್ಞೆಗಳು ಮೊದಲ ಟ್ಯಾಬಿನಲ್ಲಿರಬೇಕೆಂಬ ನಿಯಮಕ್ಕೆ ಇದು ಹೊಂದುವುದಾದರೂ, ಹೆಸರನ್ನು ನಂಬಿ ಹುಡುಕುವವನಿಗೆ ದಾರಿ ತಪ್ಪುವುದು. ಅಮರಕೋಶವು ವರ್ಗಕ್ರಮದಲ್ಲಿದೆ, ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಅಕಾರಾದಿ ಕ್ರಮದಲ್ಲಿದೆ. ವರ್ಗಕ್ರಮವು ಬಾಯಿಪಾಠ ಮಾಡಿದವನಿಗೆ ಬಹು ಸುಲಭ. ಹೊರಗಿನಿಂದ ಬಂದವನು ಒಂದು ಶಬ್ದವು ಯಾವ ವರ್ಗದಲ್ಲಿದೆಯೆಂದು ಮೊದಲು ಊಹಿಸಬೇಕು. ಹಳೆಯ ಮೆನುವೂ ವರ್ಗಕ್ರಮವೇ, ರಿಬ್ಬನ್ನೂ ವರ್ಗಕ್ರಮವೇ. ನುರಿತವನಿಗೆ ಮೊದಲನೆಯದು ಬಾಯಿಪಾಠವಾಗಿದ್ದಿತು, ಎರಡನೆಯದು ಆಗಿರಲಿಲ್ಲ, ವ್ಯತ್ಯಾಸವು ಇಷ್ಟೇ. ಆಜ್ಞೆಯ ಹೆಸರನ್ನು ಬರೆದು ಹುಡುಕುವ ಪೆಟ್ಟಿಗೆ, ಎಂದರೆ ಕೋಶದ ಅಕಾರಾದಿಗೆ ಸಮಾನವಾದುದು, ಈ ತಂತ್ರಾಂಶಗಳಿಗೆ ಬಂದುದು ೨೦೧೬ನೆಯ ಆವೃತ್ತಿಯಲ್ಲಿ.

ಮೂರನೆಯದು ಮತ್ತು ಎಲ್ಲಕ್ಕಿಂತ ಆಳವಾದುದು ಅಭ್ಯಾಸದ ಸ್ವರೂಪವು. ಒಂದು ಕೆಲಸವನ್ನು ಸಾವಿರ ಸಲ ಮಾಡಿದವನು ಪಟ್ಟಿಯನ್ನು ಓದುವುದಿಲ್ಲ. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಪುನಃಪುನಃ ಆದ ಅನುಭವವು ಭಾವನೆಯೆಂಬ ಸಂಸ್ಕಾರವನ್ನು ಹುಟ್ಟಿಸಿ ಅದರಿಂದ ಸ್ಮೃತಿಯುಂಟಾಗುವುದೆಂದು ನೈಯಾಯಿಕರು ಹೇಳುವರು. ಇಲ್ಲಿಯ ಸಂಸ್ಕಾರವು ಶಬ್ದಕ್ಕೆ ಅಂಟಿಕೊಂಡುದಲ್ಲ, ಸ್ಥಾನಕ್ಕೆ ಅಂಟಿಕೊಂಡುದು. ಇಂತಹವನನ್ನು ಆ ಆಜ್ಞೆ ಎಲ್ಲಿದೆಯೆಂದು ಕೇಳಿದರೆ ಬಾಯಿಂದ ಹೇಳಲಾರನು. ಯಂತ್ರದ ಮುಂದೆ ಕುಳ್ಳಿರಿಸಿದರೆ ಕ್ಷಣದಲ್ಲಿ ಮಾಡಿ ತೋರಿಸುವನು. ಸ್ಥಾನವನ್ನು ಬದಲಾಯಿಸಿದರೆ ಅವನ ವಿದ್ಯೆಯಲ್ಲಿ ಈ ಭಾಗವು ಒಮ್ಮೆಗೇ ನಿರರ್ಥಕವಾಗುವುದು. ಹೊಸಬನಿಗೆ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ನುರಿತವನಿಗಾದರೋ ಹೊಸದನ್ನು ಕಲಿಯುವುದರ ಜೊತೆಗೆ ಹಳೆಯದು ಕೈಯನ್ನು ಎಳೆಯುವುದನ್ನು ತಡೆಯುವ ಕೆಲಸವೂ ಉಂಟು.

ಈ ವಾದಕ್ಕೆ ಅದೇ ತಂತ್ರಾಂಶದಲ್ಲಿಯೇ ಒಂದು ಪ್ರಮಾಣವಿದೆ. ೨೦೦೩ರವರೆಗೆ ಕೀಲಿಮಣೆಯಿಂದಲೇ ಮೆನುಗಳನ್ನು ನಡೆಸುತ್ತಿದ್ದವರು ಆಲ್ಟ್ ಕೀಲಿಯೊಡನೆ ಕೆಲವು ಅಕ್ಷರಗಳನ್ನು ಕ್ರಮವಾಗಿ ಒತ್ತುತ್ತಿದ್ದರು. ೨೦೦೭ರಲ್ಲಿ ಮೆನುಗಳು ಹೋದರೂ ಈ ಅಕ್ಷರಕ್ರಮಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿದರು. ಕಣ್ಣಿಗೆ ಯಾವ ಪಟ್ಟಿಯೂ ಕಾಣದು. ಆದರೂ ಹಳೆಯ ಅಕ್ಷರಗಳನ್ನು ನೆನಪಿನಿಂದ ಒತ್ತಿದರೆ ಹಳೆಯ ಆಜ್ಞೆಯೇ ನಡೆಯುವುದು. ಕಂಟ್ರೋಲ್ ಕೀಲಿಯೊಡನೆ ಒತ್ತುವ ಸಿ, ವಿ, ಝಡ್ ಮೊದಲಾದುವೂ ಬದಲಾಗಲಿಲ್ಲ. ಆದುದರಿಂದ ಬೆರಳುಗಳಲ್ಲಿ ವಿದ್ಯೆಯಿದ್ದವರು ಕಡಮೆ ಕಷ್ಟಪಟ್ಟರು. ಕಣ್ಣು ಮೌಸುಗಳಲ್ಲಿ ಇದ್ದವರು ಹೆಚ್ಚು ಕಷ್ಟಪಟ್ಟರು. ಇಬ್ಬರೂ ಅಷ್ಟೇ ನುರಿತವರು. ಒಬ್ಬರ ಅಭ್ಯಾಸಕ್ಕೆ ಆಧಾರವಾದ ಕ್ರಮವು ಉಳಿಯಿತು, ಇನ್ನೊಬ್ಬರದು ಹೋಯಿತು. ಅಸಮಾಧಾನಕ್ಕೆ ಸೋಮಾರಿತನವೇ ಕಾರಣವಾಗಿದ್ದರೆ ಈ ಭೇದವು ಉಂಟಾಗಲು ಕಾರಣವೇ ಇರುತ್ತಿರಲಿಲ್ಲ.

ನಮ್ಮ ನಾಡಿನ ಬಳಕೆಗಾರರಿಗೆ ಇದರಲ್ಲಿ ಇನ್ನೊಂದು ಅಂಶವನ್ನು ಸೇರಿಸಿಕೊಳ್ಳಬೇಕು. ಮೆನುಗಳ ಹೆಸರುಗಳನ್ನು ಹೆಚ್ಚಿನವರು ಇಂಗ್ಲಿಷಿನಲ್ಲಿಯೇ ನೋಡುತ್ತ ಬಂದವರು. ಆ ಭಾಷೆಯಲ್ಲಿ ಅಷ್ಟು ಪರಿಶ್ರಮವಿಲ್ಲದ ಬೆರಳಚ್ಚುಗಾರನಿಗೆ ಹೆಸರು ಅರ್ಥವಾಗಿ ದಾರಿ ತೋರುವುದಿಲ್ಲ. ಮೇಲಿನಿಂದ ಎಷ್ಟನೆಯದು, ಎಡದಿಂದ ಎಷ್ಟನೆಯದು ಎಂಬುದೇ ದಾರಿ ತೋರುವುದು. ಪರಭಾಷೆಯಲ್ಲಿ ಕಲಿತ ವಿದ್ಯೆ ಸ್ಥಾನವನ್ನು ಹೆಚ್ಚಾಗಿ ಆಶ್ರಯಿಸುವುದು. ಆದುದರಿಂದ ಕ್ರಮವು ಪಲ್ಲಟವಾದಾಗ ಅವನಿಗಾಗುವ ನಷ್ಟವೂ ಹೆಚ್ಚು.

೫

ವ್ಯಾಕರಣಶಾಸ್ತ್ರದಲ್ಲಿ ಇದಕ್ಕೆ ಸಮಾನವಾದ ಕ್ರಮಪಲ್ಲಟವೊಂದು ನಡೆದುದು ವಾಚಕರಿಗೆ ತಿಳಿದೇ ಇದೆ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಎಂಟು ಅಧ್ಯಾಯಗಳೂ ಮೂವತ್ತೆರಡು ಪಾದಗಳೂ ಸುಮಾರು ೪೦೦೦ ಸೂತ್ರಗಳೂ ಇವೆ. ಇವುಗಳ ಕ್ರಮವು ಕೇವಲ ಅನುಕೂಲಕ್ಕಾಗಿ ಇಟ್ಟುದಲ್ಲ. ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ಅನುವೃತ್ತಿಯಿಂದ ಬರುವುದು. ಎರಡು ಸೂತ್ರಗಳಿಗೆ ವಿರೋಧ ಬಂದಾಗ ಯಾವುದು ಪರವೋ ಅದು ಬಲವತ್ತರವಾಗುವುದೂ ಉಂಟು. ಕೊನೆಯ ಮೂರು ಪಾದಗಳ ಕಾರ್ಯವು ಅವುಗಳಿಗಿಂತ ಹಿಂದಿನ ಸೂತ್ರಗಳ ದೃಷ್ಟಿಗೆ ಅಸಿದ್ಧವಾಗುವುದು. ಸೂತ್ರಪಾಠವನ್ನು ಕಂಠಸ್ಥಮಾಡಿದವನಿಗೆ ಒಂದು ಸೂತ್ರವು ಎಲ್ಲಿದೆಯೆಂಬುದೇ ಅದರ ಅರ್ಥದ ಒಂದು ಭಾಗವಾಗಿರುತ್ತದೆ.

ಹದಿನೇಳನೆಯ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತನು ಸಿದ್ಧಾಂತಕೌಮುದಿಯಲ್ಲಿ ಈ ಸೂತ್ರಗಳನ್ನು ಸಂಧಿ, ಸುಬಂತ, ಕಾರಕ, ಸಮಾಸ, ತದ್ಧಿತ, ತಿಙಂತ, ಕೃದಂತ ಮೊದಲಾದ ಪ್ರಕರಣಗಳಾಗಿ ಹಂಚಿದನು. ಇಂತಹ ಪ್ರಕ್ರಿಯಾಗ್ರಂಥಗಳು ಅವನಿಗೆ ಹಿಂದೆಯೂ ಇದ್ದುವಾದರೂ ಸಮಸ್ತ ಸೂತ್ರಗಳನ್ನೂ ಹೀಗೆ ಒಳಗೊಂಡು ನೆಲೆನಿಂತುದು ಇದೇ. ಒಂದು ರೂಪವನ್ನು ಸಿದ್ಧಪಡಿಸಬೇಕೆಂಬ ವಿದ್ಯಾರ್ಥಿಗೆ ಬೇಕಾದ ಸೂತ್ರಗಳು ಒಂದೆಡೆ ದೊರೆತುವು. ಇದು ರಿಬ್ಬನ್ನಿನ ತತ್ತ್ವವೇ: ಜಾತಿಯನ್ನು ಬಿಟ್ಟು ಕಾರ್ಯವನ್ನು ನೋಡಿ ಜೋಡಿಸುವುದು. ನಷ್ಟವೂ ಅದೇ ಬಗೆಯದು. ಅನುವೃತ್ತಿಯ ಎಳೆ ಕಡಿದುಹೋಗಿ, ಮೊದಲು ಕ್ರಮದಿಂದಲೇ ತಿಳಿಯುತ್ತಿದ್ದುದನ್ನು ಈಗ ವೃತ್ತಿಯಲ್ಲಿ ಬರೆದು ತಿಳಿಸಬೇಕಾಯಿತು. ಪಾಠಶಾಲೆಗಳಲ್ಲಿ ಕೌಮುದಿ ಗೆದ್ದಿತು; ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಮಥುರೆಯ ವಿರಜಾನಂದರು ಅಷ್ಟಾಧ್ಯಾಯಿಯ ಕ್ರಮವನ್ನೇ ಹಿಡಿದು ಪಾಠ ಹೇಳಬೇಕೆಂದು ಬಲವಾಗಿ ವಾದಿಸಿದರು.

ಈ ಹೋಲಿಕೆ ಎಲ್ಲ ಅಂಶಗಳಲ್ಲಿಯೂ ಸಲ್ಲುವುದಿಲ್ಲ. ಮೆನುವಿನ ಕ್ರಮದಲ್ಲಿ ಪಾಣಿನಿಯ ಕ್ರಮದಂತಹ ಅರ್ಥಗೌರವವಿಲ್ಲ. ಒಂದು ಆಜ್ಞೆ ಯಾವ ಪಟ್ಟಿಯಲ್ಲಿದ್ದರೂ ಅದರ ಕಾರ್ಯವು ಒಂದೇ. ಆದರೆ ಹೋಲಿಕೆ ತಪ್ಪುವ ಇನ್ನೊಂದು ಸ್ಥಾನವೇ ಪ್ರಕೃತಕ್ಕೆ ಬಹು ಮುಖ್ಯವಾದುದು. ಕೌಮುದಿ ಬಂದುದರಿಂದ ಅಷ್ಟಾಧ್ಯಾಯಿ ಯಾರ ಕೈಯಿಂದಲೂ ಹೋಗಲಿಲ್ಲ. ಹಳೆಯ ಕ್ರಮದಲ್ಲಿ ಓದಬೇಕೆಂದವನು ಹಾಗೆಯೇ ಓದಿದನು, ಈಗಲೂ ಓದುತ್ತಿದ್ದಾನೆ. ಎರಡು ಕ್ರಮಗಳಿಗೂ ಸಂಬಂಧ ಕಲ್ಪಿಸುವುದಕ್ಕೆ ಸೂತ್ರಗಳ ಸೂಚಿ, ಅಧ್ಯಾಯ ಪಾದ ಸಂಖ್ಯೆಗಳು ಇವೆ. ಹೊಸದು ಹಳೆಯದರ ಪಕ್ಕದಲ್ಲಿ ನಿಂತಿತೇ ಹೊರತು ಅದನ್ನು ಹೊರಡಿಸಲಿಲ್ಲ. ಆಫೀಸಿನಲ್ಲಾದರೋ ಹಳೆಯ ಕ್ರಮವು ಹೊಸ ಆವೃತ್ತಿಯಲ್ಲಿ ಇಲ್ಲವೇ ಇಲ್ಲ. ೨೦೦೩ನೆಯ ಆವೃತ್ತಿಯನ್ನೇ ಹಿಡಿದುಕೊಂಡಿದ್ದವರಿಗೂ ೨೦೧೪ನೆಯ ಏಪ್ರಿಲ್ ೮ರಂದು ಸಂಸ್ಥೆಯ ಆಧಾರವು ನಿಂತುಹೋಯಿತು.

೬

ಇಲ್ಲಿ ಪೂರ್ವಪಕ್ಷಿಯ ಮಾತುಗಳನ್ನೂ ಕೇಳಬೇಕು. ಮೊದಲನೆಯ ಆಕ್ಷೇಪ: ಮನುಷ್ಯನು ಹಳೆಯದನ್ನು ಪ್ರೀತಿಸುವುದು ಸ್ವಭಾವ; ಕೆಲವು ವಾರಗಳು ಕಳೆದರೆ ಎಲ್ಲವೂ ಸರಿಹೋಗುವುದು; ಇದನ್ನು ದೊಡ್ಡ ಅನ್ಯಾಯವೆಂದು ಎಣಿಸಬೇಕಾಗಿಲ್ಲ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಕಾಲಕ್ರಮದಲ್ಲಿ ಬಹುಮಂದಿ ರಿಬ್ಬನ್ನಿಗೆ ಒಗ್ಗಿಕೊಂಡರು. ಅದರಿಂದಲೇ ಕಲಿತವರಿಗೆ ಹಳೆಯ ಮೆನುವೇ ಗೋಜಲಾಗಿ ಕಾಣುವುದು. ಆದರೆ ಆ ವಾರಗಳ ವೆಚ್ಚವನ್ನು ಕೊಟ್ಟವರಾರು ಎಂಬುದನ್ನು ನೋಡಬೇಕು. ಕಚೇರಿಯ ಗುಮಾಸ್ತನಿಗೆ ತಂತ್ರಾಂಶವನ್ನು ಕಲಿಯುವುದು ಉದ್ಯೋಗವಲ್ಲ. ಇಂದು ಸಂಜೆಯೊಳಗೆ ಪತ್ರವನ್ನು ಕಳುಹಿಸುವುದು ಉದ್ಯೋಗ. ಜಾನ್ ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ ಎಂಬವರು ೧೯೮೭ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ನಿರೂಪಿಸಿದ್ದಾರೆ. ಬಳಕೆಗಾರನಿಗೆ ಕೈಯಲ್ಲಿರುವ ಕೆಲಸವನ್ನು ಮುಗಿಸುವುದೇ ಮುಖ್ಯವಾದುದರಿಂದ, ಮುಂದೆ ಲಾಭವಾಗುವುದೆಂದು ತಿಳಿದರೂ ಕಲಿಯುವುದಕ್ಕಾಗಿ ನಿಲ್ಲುವುದಿಲ್ಲ. ಹೊಸ ಸಂದರ್ಭವನ್ನು ಹಳೆಯ ತಿಳಿವಳಿಕೆಯಿಂದಲೇ ಅರ್ಥಮಾಡಿಕೊಳ್ಳಲು ಯತ್ನಿಸುತ್ತಾನೆ ಎಂಬುದು ಅವರ ನಿರ್ಣಯದ ಸಾರ. ಇದು ದೋಷವಲ್ಲ, ಕೆಲಸಗಾರನ ಸ್ಥಿತಿ. ಅದನ್ನು ಗಣಿಸದೆ ಮಾಡಿದ ಸುಧಾರಣೆಯ ಭಾರವು, ಸುಧಾರಣೆ ಬೇಕೆಂದು ಕೇಳದವನ ತಲೆಯ ಮೇಲೆ ಬೀಳುವುದು.

ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು: ಎರಡು ಕ್ರಮಗಳನ್ನೂ ಇಟ್ಟರೆ ಪ್ರತಿಯೊಂದು ಹೊಸ ಸೌಕರ್ಯಕ್ಕೂ ಎರಡು ಸ್ಥಾನಗಳನ್ನು ಕಲ್ಪಿಸಬೇಕು, ಪಾಠಪುಸ್ತಕಗಳೂ ಸಹಾಯ ಪುಟಗಳೂ ಎರಡೆರಡಾಗಬೇಕು, ಹಳೆಯದು ಇರುವವರೆಗೆ ಯಾರೂ ಹೊಸದಕ್ಕೆ ಬರುವುದಿಲ್ಲ. ಆದುದರಿಂದಲೇ ಹಳೆಯದನ್ನು ಪೂರ್ಣವಾಗಿ ಬಿಟ್ಟುದು ಎಂಬುದು. ಇದಕ್ಕೆ ಉತ್ತರವನ್ನು ಇತಿಹಾಸವೇ ಕೊಟ್ಟಿದೆ. ಮೊದಲನೆಯದಾಗಿ, ೨೦೦೭ನೆಯ ಸಮುಚ್ಚಯದಲ್ಲಿಯೇ ಕ್ರಮವು ಒಂದಾಗಿರಲಿಲ್ಲ. ವರ್ಡ್, ಎಕ್ಸೆಲ್, ಪವರ್‌ಪಾಯಿಂಟುಗಳಿಗೆ ರಿಬ್ಬನ್ ಬಂದರೆ, ಔಟ್‌ಲುಕ್‌ನ ಮುಖ್ಯ ಪುಟದಲ್ಲಿಯೂ ಪಬ್ಲಿಷರಿನಲ್ಲಿಯೂ ಹಳೆಯ ಮೆನುಗಳೇ ನಿಂತಿದ್ದುವು. ಎರಡನೆಯದಾಗಿ, ಲಿಬ್ರೆಆಫೀಸ್ ಎಂಬ ಸ್ವತಂತ್ರ ತಂತ್ರಾಂಶದವರು ೨೦೧೯ನೆಯ ಫೆಬ್ರವರಿಯ ೬.೨ನೆಯ ಆವೃತ್ತಿಯಲ್ಲಿ ಟ್ಯಾಬುಗಳ ಜೋಡಣೆಯನ್ನು ಸಿದ್ಧಪಡಿಸಿಕೊಟ್ಟಾಗ, ಹಳೆಯ ಮೆನುಗಳನ್ನು ತೆಗೆಯಲಿಲ್ಲ. ಬಳಸುವವನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಎರಡನ್ನೂ ಇಡುವುದು ಶ್ರಮಸಾಧ್ಯವೇ ಹೊರತು ಅಸಾಧ್ಯವಲ್ಲವೆಂದು ಇದರಿಂದ ತಿಳಿಯುವುದು. ಕನ್ನಡದ ಕೀಲಿಮಣೆಯಲ್ಲಿಯೂ ಇದೇ ನ್ಯಾಯ ನಡೆದಿದೆ. ಇನ್‌ಸ್ಕ್ರಿಪ್ಟ್ ಕ್ರಮವನ್ನು ಕಲಿತವನೂ ಕಗಪ ಕ್ರಮವನ್ನು ಕಲಿತವನೂ ಒಂದೇ ಯಂತ್ರದ ಮುಂದೆ ಕುಳಿತು ತನ್ನ ತನ್ನ ಕ್ರಮವನ್ನು ಆರಿಸಿಕೊಂಡು ಬರೆಯಬಹುದು. ಒಬ್ಬನಿಗಾಗಿ ಇನ್ನೊಬ್ಬನು ತನ್ನ ಬೆರಳುಗಳ ಅಭ್ಯಾಸವನ್ನು ಬಿಡಬೇಕಾಗಿಲ್ಲ.

ಮೈಕ್ರೋಸಾಫ್ಟಿನವರೂ ಈ ಕಷ್ಟವನ್ನು ಕಾಣದೆ ಇರಲಿಲ್ಲ. ಹಳೆಯ ಮೆನುವಿನ ಚಿತ್ರದಲ್ಲಿ ಒಂದು ಆಜ್ಞೆಯನ್ನು ಒತ್ತಿದರೆ ಅದು ಹೊಸ ಜೋಡಣೆಯಲ್ಲಿ ಎಲ್ಲಿದೆಯೆಂದು ತೋರಿಸುವ ಮಾರ್ಗದರ್ಶಿಯೊಂದನ್ನು ಕೊಟ್ಟರು. ಇದು ಸೂತ್ರಸೂಚಿಯ ಜಾತಿಗೆ ಸೇರಿದುದು. ೨೦೧೦ರ ಆವೃತ್ತಿಯಲ್ಲಿ ದುಂಡು ಬಿಲ್ಲೆಯನ್ನು ತೆಗೆದು ಫೈಲ್ ಎಂಬ ಹೆಸರನ್ನು ಮತ್ತೆ ತಂದರು. ರಿಬ್ಬನ್ನಿನ ಟ್ಯಾಬುಗಳನ್ನು ಬಳಕೆಗಾರನೇ ತಿದ್ದಿಕೊಳ್ಳುವ ಸೌಕರ್ಯವನ್ನು ಸೇರಿಸಿದರು. ಆದರೆ ಇದೇ ಸಂಸ್ಥೆಯು ೨೦೧೨ರಲ್ಲಿ ವಿಂಡೋಸ್ ೮ರಿಂದ ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಿ, ೨೦೧೩ರಲ್ಲಿ ಗುಂಡಿಯನ್ನೂ ೨೦೧೫ರಲ್ಲಿ ಅದರ ಮೆನುವನ್ನೂ ಹಿಂದಕ್ಕೆ ತರಬೇಕಾಯಿತು. ಒಂದು ಪ್ರಸಂಗದಿಂದ ಕಲಿತ ಪಾಠವು ಇನ್ನೊಂದು ಪ್ರಸಂಗದಲ್ಲಿ ನೆನಪಾಗಲಿಲ್ಲವೆಂದು ಹೇಳಬೇಕಾಗಿದೆ.

೭

ಇಷ್ಟು ವಿಚಾರದಿಂದ ಸಿದ್ಧವಾಗುವುದೇನೆಂದರೆ, ರಿಬ್ಬನ್ನು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯೂ ನುರಿತವರ ದೂರು ನ್ಯಾಯವೋ ಅಲ್ಲವೋ ಎಂಬ ಪ್ರಶ್ನೆಯೂ ಬೇರೆ ಬೇರೆ. ಹೊಸ ಕ್ರಮವು ಹಳೆಯದಕ್ಕಿಂತ ಉತ್ತಮವೆಂದು ಒಪ್ಪಿದರೂ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯುವುದು. ಸರಾಸರಿಯ ಲೆಕ್ಕದಲ್ಲಿ ಎಲ್ಲರಿಗೂ ಲಾಭವಾದಾಗಲೂ, ಹತ್ತು ಹದಿನೈದು ವರ್ಷ ದುಡಿದು ಗಳಿಸಿದ ಕೈಚಳಕವನ್ನು ಕಳೆದುಕೊಂಡವನ ನಷ್ಟವು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಯಾವ ಆಜ್ಞೆಯನ್ನು ಎಷ್ಟು ಸಲ ಒತ್ತುತ್ತಾರೆಂಬುದನ್ನು ಎಣಿಸಬಹುದು. ಒತ್ತುವವನು ನೋಡಿ ಒತ್ತುವನೋ ನೋಡದೆಯೇ ಒತ್ತುವನೋ ಎಂಬುದು ಆ ಎಣಿಕೆಗೆ ಸಿಕ್ಕುವುದಿಲ್ಲ. ಕಚೇರಿಯಲ್ಲಿ ಇತರರು ಸಂದೇಹ ಬಂದಾಗ ಯಾರನ್ನು ಕೇಳುತ್ತಿದ್ದರೋ ಅವನೇ ಮರುದಿನ ಇತರರನ್ನು ಕೇಳಬೇಕಾಗುವುದು. ಇದು ವೇಳೆಯ ನಷ್ಟ ಮಾತ್ರವಲ್ಲ, ಮರ್ಯಾದೆಯ ನಷ್ಟವೂ ಹೌದು. ಅಸಮಾಧಾನದ ಧ್ವನಿ ಅಷ್ಟು ಗಟ್ಟಿಯಾಗಿದ್ದುದಕ್ಕೆ ಇದೂ ಒಂದು ಕಾರಣವೆಂದು ಲೇಖಕನ ಅಭಿಪ್ರಾಯ.

ಆದುದರಿಂದ ಕ್ರಮವನ್ನು ಬದಲಾಯಿಸುವವರು ಮೂರು ಕರ್ತವ್ಯಗಳನ್ನು ಒಪ್ಪಿಕೊಳ್ಳಬೇಕು. 'ಹೊಸದನ್ನು ಕೊಡುವಾಗ ಹಳೆಯ ದಾರಿಯನ್ನು ಕೆಲವು ಕಾಲವಾದರೂ ತೆರೆದಿಡುವುದು' ಮೊದಲನೆಯದು. ಹಳೆಯ ಸ್ಥಾನದಿಂದ ಹೊಸ ಸ್ಥಾನವನ್ನು ತಿಳಿಯುವಂತಹ ಸೂಚಿಯನ್ನು ಆ ಉಪಕರಣದೊಳಗೆಯೇ, ಕೆಲಸದ ನಡುವೆಯೇ ದೊರೆಯುವಂತೆ ಇಡುವುದು ಎರಡನೆಯದು. ಒಮ್ಮೆ ನೆಲೆಗೊಳಿಸಿದ ಸ್ಥಾನವನ್ನು ಬಲವಾದ ಕಾರಣವಿಲ್ಲದೆ ಮತ್ತೆ ಕದಲಿಸದಿರುವುದು ಮೂರನೆಯದು. ೨೦೦೭ರ ಆವೃತ್ತಿಗೂ ೨೦೧೭ನೆಯ ಅಕ್ಟೋಬರಿನಲ್ಲಿ ಸಂಸ್ಥೆಯ ಆಧಾರವು ನಿಂತಿತು. ಆದರೆ ಅದು ತಂದ ರಿಬ್ಬನ್ನಿನಲ್ಲಿಯೇ ಕಲಿತ ಒಂದು ತಲೆಮಾರು ಈಗ ನುರಿತವರ ಸ್ಥಾನಕ್ಕೆ ಬಂದಿದೆ. ಮೆನುಗಳ ನೆನಪೇ ಅವರಿಗಿಲ್ಲ. ಮುಂದಿನ ಕ್ರಮಪಲ್ಲಟವಾದಾಗ ದೂರುವವರು ಇವರೇ ಆಗಿರುತ್ತಾರೆ.

ಅಧ್ಯಾಪಕರಾದ ನಮಗೆ ಇದರಿಂದ ತಿಳಿಯಬೇಕಾದ ವಿಷಯವೂ ಒಂದುಂಟು. ಪಾಠಕ್ರಮವನ್ನೋ ಗ್ರಂಥಭಂಡಾರದ ವಿಂಗಡಣೆಯನ್ನೋ ಸಂಪಾದಿತ ಗ್ರಂಥದ ಪದ್ಯಸಂಖ್ಯೆಗಳನ್ನೋ ಬದಲಾಯಿಸುವ ಅಧಿಕಾರವು ನಮ್ಮಲ್ಲಿ ಕೆಲವರಿಗೆ ಇರುತ್ತದೆ. ಹೊಸ ಮುದ್ರಣದಲ್ಲಿ ಪದ್ಯಗಳಿಗೆ ಬೇರೆ ಸಂಖ್ಯೆಗಳನ್ನು ಕೊಟ್ಟರೆ, ಹಳೆಯ ಮುದ್ರಣವನ್ನು ಹಿಡಿದು ಜೀವಮಾನವೆಲ್ಲ ಟಿಪ್ಪಣಿ ಮಾಡಿದ ವಿದ್ವಾಂಸನಿಗೆ ಆಗುವ ಪೇಚಾಟವು, ರಿಬ್ಬನ್ನಿನ ಮುಂದೆ ಕುಳಿತ ಗುಮಾಸ್ತನದೇ ಆಗಿರುವುದು. ಸಂಪಾದಕನು ಹಳೆಯ ಸಂಖ್ಯೆಯನ್ನೂ ಆವರಣದಲ್ಲಿ ಕೊಟ್ಟರೆ ಆ ವಿದ್ವಾಂಸನ ಹಳೆಯ ಟಿಪ್ಪಣಿಗಳೆಲ್ಲ ಮತ್ತೆ ಉಪಯೋಗಕ್ಕೆ ಬರುವುವು. ಇದಕ್ಕೆ ಬೇಕಾದ ಶ್ರಮವು ಸ್ವಲ್ಪ. ಅದರಿಂದ ಉಳಿಯುವುದು ಬಹಳ.